ಸಂಕಟದಲ್ಲಿರುವ ಹುಡುಗ ಹುಡುಗಿಯರಿಗೆ ಊರಿನ ಯುವಕ ಸಂಘ ಏನು ಮಾಡಬಹುದು? ಅನುಭವ ಇರುವವರು ಹೇಳಿ

ವರದಾ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಊರಿನ ಯುವಕ ಸಂಘದಲ್ಲಿ ನಾನೂ ಒಬ್ಬ. ಗಣಪತಿ ಕೂರಿಸುವುದು, ಕಬಡ್ಡಿ ಪಂದ್ಯ, ವರ್ಷಕ್ಕೊಮ್ಮೆ ರಕ್ತದಾನ ಶಿಬಿರ, ಇಷ್ಟು ನಮ್ಮ ಕೆಲಸ.

ಹೋದ ವರ್ಷ ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಓಣಿಯ ಒಬ್ಬ ಹುಡುಗ ತನ್ನ ಜೀವ ತಾನೇ ಕಳೆದುಕೊಂಡ. ಹೆಸರು, ಹೇಗಾಯಿತು ಎನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ. ಅವನ ಅಪ್ಪ ಅಮ್ಮ ಇನ್ನೂ ಅದೇ ಓಣಿಯಲ್ಲಿದ್ದಾರೆ.

ಈ ಸಲ ಗಣಪತಿ ಪಟ್ಟಿಯಲ್ಲಿ ಉಳಿದ ದುಡ್ಡನ್ನು ಇಂಥದ್ದಕ್ಕೇ ಇಡೋಣ ಎಂದು ಎಲ್ಲರೂ ಒಪ್ಪಿದ್ದೇವೆ. ಏನು ಮಾಡಬೇಕು ಎನ್ನುವಲ್ಲಿ ನಿಂತಿದ್ದೇವೆ. ಬೆಂಗಳೂರಿನಿಂದ ಒಳ್ಳೆಯ ಭಾಷಣಕಾರರನ್ನು ಕರೆಸೋಣ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಭಾಷಣ ಕೇಳಿ ಚಪ್ಪಾಳೆ ತಟ್ಟಿ ಎಲ್ಲರೂ ಮನೆಗೆ ಹೋಗುತ್ತಾರೆ. ನಿಜವಾಗಿ ಸಂಕಟದಲ್ಲಿರುವ ಹುಡುಗ ಆ ಸಭೆಗೆ ಬರುವುದೇ ಇಲ್ಲ, ಅಲ್ವಾ?

ನಾವು ಡಾಕ್ಟರಲ್ಲ. ಡಿಗ್ರಿ ಮುಗಿಸಿದವರು, ಹೊಲ ಮಾಡುವವರು, ಒಬ್ಬ ಮೊಬೈಲ್ ಅಂಗಡಿಯವ. ನಮ್ಮಂಥವರ ಕೈಲಾಗುವ ಕೆಲಸ ಯಾವುದು?

ಜಿಲ್ಲಾಸ್ಪತ್ರೆ ಸಮಾಲೋಚಕಿ

ನಮಸ್ಕಾರ ತಮ್ಮಾ. ನಾನು ಒಂದು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ತಂಡದಲ್ಲಿ ಆಪ್ತ ಸಮಾಲೋಚಕಿ. ನಿಮ್ಮ ಪ್ರಶ್ನೆ ಓದಿ ಸಮಾಧಾನ ಆಯಿತು. ಡಾಕ್ಟರಲ್ಲ ಎಂದು ನೀವು ಹೇಳಿದ್ದೇ ಒಳ್ಳೆಯದು, ಏಕೆಂದರೆ ಚಿಕಿತ್ಸೆ ನಿಮ್ಮ ಕೆಲಸವೇ ಅಲ್ಲ. ಹಾವು ಕಚ್ಚಿದರೆ ನಾವೇ ಮದ್ದು ಕೊಡುವುದಿಲ್ಲ. ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ, ದಾರಿಯುದ್ದಕ್ಕೂ ಕೈ ಹಿಡಿದು ಕೂತಿರುತ್ತೇವೆ. ಇಲ್ಲೂ ಅಷ್ಟೇ.

ಗಮನಿಸುವುದು, ನೇರವಾಗಿ ಕೇಳುವುದು, ಜೊತೆಗೆ ಹೋಗುವುದು. ನಿಮ್ಮ ಕೆಲಸ ಇದು. ಮೂರನೆಯದನ್ನು ಯಾರೂ ಮಾಡುವುದಿಲ್ಲ. "ಹೋಗಿ ತೋರಿಸ್ಕೊ" ಎಂದು ಹೇಳಿ ಬಿಡುತ್ತಾರೆ. ಮನಸ್ಸು ಕುಸಿದಿರುವವನಿಗೆ ಬಸ್ ಹತ್ತಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಗೊತ್ತಿಲ್ಲದ ಡಾಕ್ಟರ ಮುಂದೆ ಬಾಯಿ ಬಿಡುವುದು ಬೆಟ್ಟ ಹತ್ತಿದಷ್ಟು ಕಷ್ಟ.

ಏನನ್ನು ಗಮನಿಸಬೇಕು? ದಿನಾ ಆಟಕ್ಕೆ ಬರುತ್ತಿದ್ದವನು ಬರುವುದು ಬಿಟ್ಟಿರುತ್ತಾನೆ. ರಾತ್ರಿ ನಿದ್ದೆ ಇಲ್ಲ, ಅಥವಾ ಹಗಲೆಲ್ಲ ಮಲಗಿರುತ್ತಾನೆ. ಕುಡಿತ ಜಾಸ್ತಿ ಆಗಿರುತ್ತದೆ. "ನಾನಿದ್ದು ಯಾರಿಗೇನು", "ನನ್ನಿಂದ ಎಲ್ಲರಿಗೂ ಭಾರ" ಎನ್ನುವ ಮಾತು ಬರುತ್ತದೆ. ಇಷ್ಟದ ವಸ್ತುಗಳನ್ನು ಗೆಳೆಯರಿಗೆ ಕೊಟ್ಟುಬಿಡುತ್ತಾನೆ. ವಾರಗಟ್ಟಲೆ ಒದ್ದಾಡುತ್ತಿದ್ದವನು ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಶಾಂತನಾಗಿಬಿಟ್ಟರೂ ಹುಷಾರಾಗಿರಿ. ಇವುಗಳಲ್ಲಿ ಒಂದು ಕಂಡಿತು ಎಂದರೆ ಅಪಾಯ ಎಂದೇ ಅರ್ಥವಲ್ಲ. ಅವನ ಹತ್ತಿರ ಹೋಗಿ ಕೂರಬೇಕು ಎಂದು ಅರ್ಥ.

ಫೋನ್ ನಂಬರ್ ಒಂದನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ: 14416. ಇದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದರ ಮುಂದಾಳು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯನ ಬಗ್ಗೆ ಭಯ ಆಗುತ್ತಿದೆ, ಏನು ಮಾಡಲಿ ಎಂದು ಕೇಳಲು ನೀವೂ ಮಾಡಬಹುದು.

ಹೊಸಮನಿ ಕಾಕಾ

ಮೇಡಂ, ನೀವು ಕಲಿತವರು, ನಾನು ಎದುರು ಮಾತಾಡುತ್ತಿಲ್ಲ. ಆದರೆ ನೇರವಾಗಿ ಕೇಳಬೇಕು ಎಂದಿರಲ್ಲ, ಅದು ನನಗೆ ಅರಗುತ್ತಿಲ್ಲ. ಬೇಜಾರಲ್ಲಿರುವ ಹುಡುಗನ ಮುಂದೆ ಸಾವಿನ ಮಾತು ತೆಗೆದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗೆ ಆಗಲ್ವಾ? ನಮ್ಮ ಮನೆಯಲ್ಲಂತೂ ಅಂಥ ಮಾತು ಬಾಯಲ್ಲಿ ತರಬಾರದು ಎಂದೇ ಬೆಳೆದದ್ದು. ಒಳ್ಳೆಯ ಮಾತಾಡಿ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಮನಸ್ಸು ಬೇರೆ ಕಡೆ ತಿರುಗಿಸುವುದು ಒಳ್ಳೆಯದಲ್ಲವೇ?

ಜಿಲ್ಲಾಸ್ಪತ್ರೆ ಸಮಾಲೋಚಕಿ

ಕಾಕಾ, ಈ ಭಯ ಎಲ್ಲರಿಗೂ ಇದೆ, ನೀವು ಕೇಳಿದ್ದು ಒಳ್ಳೆಯದಾಯಿತು. ಇದರ ಮೇಲೆ ಬೇರೆ ಬೇರೆ ದೇಶಗಳಲ್ಲಿ ಅಧ್ಯಯನ ನಡೆದಿದೆ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ ಎಂದೇ ಕಂಡಿದೆ. ಎಷ್ಟೋ ಜನರಿಗೆ ಕೇಳಿದ್ದರಿಂದಲೇ ಹಗುರ ಆಗುತ್ತದೆ. ಆ ಯೋಚನೆ ಇದ್ದವನು ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗುತ್ತಿರುತ್ತಾನೆ. ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಹುಚ್ಚ ಎನ್ನುತ್ತಾರೆ ಎಂಬ ಹೆದರಿಕೆ. ನೀವು ಶಾಂತವಾಗಿ ಕೇಳಿದರೆ, ಇವರ ಹತ್ತಿರ ಹೇಳಬಹುದು ಎಂದು ಅವನಿಗೆ ಗೊತ್ತಾಗುತ್ತದೆ. ಇಲ್ಲದವನು "ಏ, ಹಂಗೇನೂ ಇಲ್ಲ" ಎನ್ನುತ್ತಾನೆ, ಅಷ್ಟೇ.

ಹೇಗೆ ಕೇಳುವುದು? ಮೊದಲು ಕಂಡದ್ದನ್ನು ಹೇಳಿ. "ಹದಿನೈದು ದಿನದಿಂದ ನೋಡ್ತಾ ಇದೀನಿ, ನೀನು ಸರಿಯಾಗಿ ಊಟ ಮಾಡ್ತಿಲ್ಲ, ಯಾರ ಜೊತೆಗೂ ಸೇರ್ತಿಲ್ಲ. ನನಗೆ ಚಿಂತೆ ಆಗಿದೆ." ಆಮೇಲೆ ತಡವರಿಸದೆ, "ಇಷ್ಟೆಲ್ಲ ಕಷ್ಟ ಇದ್ದಾಗ ಕೆಲವರಿಗೆ ಸಾಯ್ಬೇಕು ಅಂತ ಅನ್ನಿಸುತ್ತೆ. ನಿನಗೂ ಹಾಗೆ ಅನ್ನಿಸ್ತಿದೆಯಾ?" ಎಂದು ಕೇಳಿ. "ಅಂಥದ್ದೇನೂ ಇಲ್ಲ ತಾನೇ?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಯಲ್ಲೇ ಇಲ್ಲ ಎನ್ನುವ ಉತ್ತರ ಇದೆ.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಜಾಸ್ತಿ ಜನ ಸೋಲುವುದು ಇಲ್ಲೇ. ಅವನು ಎರಡು ಮಾತು ಹೇಳುವುದರೊಳಗೆ "ನಿನಗೇನು ಕಮ್ಮಿ ಆಗಿದೆ", "ಅಪ್ಪ ಅಮ್ಮನ ಮುಖ ನೋಡು", "ನಿನಗಿಂತ ಕಷ್ಟದಲ್ಲಿರೋರು ಬದುಕ್ತಿಲ್ವಾ" ಎಂದು ಬುದ್ಧಿ ಹೇಳಲು ಶುರು ಮಾಡುತ್ತಾರೆ. ಅವನು ಮೊದಲೇ ತಾನು ಕೆಟ್ಟವನು ಎಂದುಕೊಂಡಿರುತ್ತಾನೆ, ಇದರಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಯಾರಿಗೂ ಹೇಳಬೇಡ ಎಂದು ಅವನು ಆಣೆ ಕೇಳಿದರೆ ಕೊಡಬೇಡಿ. "ಊರಿಗೆಲ್ಲ ಹೇಳಲ್ಲ. ಆದರೆ ನಿನ್ನ ಜೀವ ಉಳಿಸೋಕೆ ಯಾರಿಗೆ ಹೇಳಬೇಕೋ ಅವರಿಗೆ ಇಬ್ಬರೂ ಸೇರಿ ಹೇಳೋಣ" ಎನ್ನಿ.

ಹೌದು ಎಂದವನು ಇವತ್ತೇ, ಈಗಲೇ ಎನ್ನುವ ಮಟ್ಟದಲ್ಲಿದ್ದರೆ ಒಬ್ಬನನ್ನೇ ಬಿಡಬಾರದು. ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೀವೇ ಕರೆದುಕೊಂಡು ಹೋಗಿ.

ದೇವಸ್ಥಾನಕ್ಕೂ ಕರೆದುಕೊಂಡು ಹೋಗಿ ಕಾಕಾ, ಬೇಡ ಎನ್ನುವುದಿಲ್ಲ. ದರ್ಶನ ಮುಗಿಸಿ ಹಾಗೇ ಆಸ್ಪತ್ರೆಗೂ ಕರೆದುಕೊಂಡು ಬನ್ನಿ.

ಮಳೆಗಾಲ

ಮೇಡಂ ಹೇಳಿದ ಮೂರನೆಯ ಮಾತಿಗೆ ನಾನೇ ಸಾಕ್ಷಿ. ಡಿಪ್ಲೊಮಾ ಓದುವಾಗ ನನಗೆ ಆ ಸ್ಥಿತಿ ಬಂದಿತ್ತು. ಕಾರಣ ಬರೆಯಲು ಹೋದರೆ ಸಣ್ಣದು ಅನ್ನಿಸುತ್ತದೆ. ಆಗ ಸಣ್ಣದಾಗಿರಲಿಲ್ಲ.

ನಮ್ಮೂರಲ್ಲಿ ಒಬ್ಬ ಅಣ್ಣ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಎಸ್ಸೆಸ್ಸೆಲ್ಸಿ ಕೂಡ ಆಗಿಲ್ಲ. ಒಂದು ಸಂಜೆ ಗಾಡಿ ತಗೊಂಡು ಹೋಗಿದ್ದೆ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದವನು ತಲೆ ಎತ್ತದೆ ಕೇಳಿದ: "ಏನೋ, ಭಾಳ ದಿನ ಆತು ನಕ್ಕಿದ್ದು ನೋಡಿಲ್ಲ. ಸಾಯೋ ವಿಚಾರ ಏನಾರ ಐತೇನು?" ನಾನು ಉತ್ತರ ಕೊಡಲಿಲ್ಲ. ಅಳು ಬಂತು. ಅವನು ಅಂಗಡಿಯ ಮುಂದಿದ್ದ ಇನ್ನೊಬ್ಬ ಗಿರಾಕಿಯನ್ನು "ನಾಳೆ ಬಾ" ಎಂದು ಕಳಿಸಿ, ಶಟರ್ ಅರ್ಧ ಎಳೆದು, ನನ್ನ ಪಕ್ಕ ಟೈರಿನ ಮೇಲೆ ಕೂತ. ಏನೂ ಬುದ್ಧಿ ಹೇಳಲಿಲ್ಲ. ರಾತ್ರಿ ನಮ್ಮ ಮನೆಗೆ ಬಂದು ನಮ್ಮಪ್ಪನ ಹತ್ತಿರ ಅವನೇ ಮಾತಾಡಿದ.

ಮರುದಿನ ಅಂಗಡಿ ಮುಚ್ಚಿ ನನ್ನ ಜೊತೆ ಆಸ್ಪತ್ರೆಗೆ ಬಂದ. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದರು, ಮಾತಾಡಲು ಮತ್ತೆ ಬರಲು ಹೇಳಿದರು. ಮೊದಲ ಎರಡು ಮೂರು ವಾರ ಮಾತ್ರೆಯಿಂದ ಏನೂ ಆಗುತ್ತಿಲ್ಲ ಅನ್ನಿಸಿ ಬಿಟ್ಟುಬಿಡಬೇಕು ಎಂದುಕೊಂಡೆ. ಆಗಲೂ ಅವನೇ ಬಂದು ಕರೆದುಕೊಂಡು ಹೋದ. ನಿಧಾನಕ್ಕೆ ನಿದ್ದೆ ಬಂತು, ಆಮೇಲೆ ಹಸಿವು ಬಂತು. ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ಮದುವೆ ಆಗಿದೆ.

ನಿಮ್ಮ ಸಂಘದವರಿಗೆ ನನ್ನದು ಒಂದೇ ಮಾತು. ಮೊದಲ ಸಲ ಕರೆದುಕೊಂಡು ಹೋಗುವವರು ಸಿಗುತ್ತಾರೆ. ಎರಡನೇ ಸಲ, ಮೂರನೇ ಸಲ ಹೋಗುವವರಾಗಿ.

ಪಿಯು ಮೇಷ್ಟ್ರು

ರಿಸಲ್ಟ್ ವಿಷಯ ಬಂದದ್ದರಿಂದ ಹೇಳುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ತೀರಿಕೊಂಡರು. ಅವರಲ್ಲಿ 13,044 ಜನ ವಿದ್ಯಾರ್ಥಿಗಳು. ಇವು ಪೊಲೀಸ್ ದಾಖಲೆಗೆ ಬಂದವು ಮಾತ್ರ.

ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ, ಅದು ಎಷ್ಟೋ ಹಳ್ಳಿಯ ಮನೆಗಳಿಗೆ ತಲುಪಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮೊದಲನೆಯದರಲ್ಲಿ ಹೋದರೆ ಅದೇ ವರ್ಷ ಎರಡನೆಯದು ಬರೆಯಬಹುದು. ಯಾವುದರಲ್ಲಿ ಅಂಕ ಜಾಸ್ತಿ ಬಂದಿದೆಯೋ ಅದನ್ನೇ ಇಟ್ಟುಕೊಳ್ಳಬಹುದು. ಅಂದರೆ ಫೇಲಾದರೆ ಒಂದು ವರ್ಷ ಹೋಯಿತು ಎನ್ನುವ ಮಾತೇ ಈಗ ಹಾಗೆ ನಿಲ್ಲುವುದಿಲ್ಲ. ಆದರೂ ಅಪ್ಪಂದಿರು ಇನ್ನೂ ಅದನ್ನೇ ಹೇಳುತ್ತಿದ್ದಾರೆ. ಪಕ್ಕದ ತಮಿಳುನಾಡಿನಲ್ಲಿ ಫೇಲಾದವರಿಗೆ ಬೇಗ ಮರುಪರೀಕ್ಷೆ ಬೇಕು ಎಂದು ಆತ್ಮಹತ್ಯೆ ತಡೆಯುವ ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಅವರು ಬಹಳ ಹಿಂದೆಯೇ ಒತ್ತಾಯಿಸಿದ್ದರು. ಆ ಒಂದು ಅವಕಾಶದಿಂದ ಎಷ್ಟು ಮಕ್ಕಳ ಎದೆಯ ಭಾರ ಇಳಿದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಹಾಗಾಗಿ ನಿಮ್ಮ ಸಂಘ ರಿಸಲ್ಟಿಗೆ ಒಂದು ವಾರ ಮೊದಲೇ ಕೆಲಸ ಶುರು ಮಾಡಲಿ. ಊರಲ್ಲಿ ಈ ವರ್ಷ ಪರೀಕ್ಷೆ ಬರೆದ ಮಕ್ಕಳು ಯಾರು ಎಂದು ನಿಮಗೆ ಗೊತ್ತೇ ಇರುತ್ತದೆ. ಅವರ ಮನೆಗೆ ಹೋಗಿ. ಅಪ್ಪ ಅಮ್ಮನ ಜೊತೆ ಕೂತು ಈ ಪರೀಕ್ಷೆಗಳ ವಿಷಯ ಬಿಡಿಸಿ ಹೇಳಿ. ರಿಸಲ್ಟ್ ದಿನ ಮಗುವನ್ನು ಒಬ್ಬನೇ ಬಿಡಬೇಡಿ, ಆ ದಿನ ಒಂದು ಬೈಗುಳವೂ ಬೇಡ ಎಂದು ಕೇಳಿಕೊಳ್ಳಿ. ಫೇಲಾದವನ ಮರುಪರೀಕ್ಷೆ ಅರ್ಜಿ ತುಂಬುವ ಕೆಲಸ ನೀವೇ ವಹಿಸಿಕೊಳ್ಳಿ. ಹೆಚ್ಚು ಅಂಕ ತೆಗೆದವರಿಗೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕುವುದನ್ನು ಎರಡು ವಾರ ಮುಂದೂಡಿದರೆ ಯಾರಿಗೂ ನಷ್ಟ ಇಲ್ಲ.

ಪರೀಕ್ಷೆ ಒಂದೇ ಕಾರಣ ಎಂದುಕೊಳ್ಳಬೇಡಿ. ಅದೇ 2022ರ ಲೆಕ್ಕದಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಮೊದಲ ಕಾರಣ ಕುಟುಂಬದ ಸಮಸ್ಯೆ, ಎರಡನೆಯದು ಕಾಯಿಲೆ. ಪೊಲೀಸರು ಒಂದು ಕಾರಣ ಬರೆಯುತ್ತಾರೆ, ಮನುಷ್ಯನೊಳಗೆ ಹತ್ತು ಇರುತ್ತವೆ. ಪ್ರೀತಿ, ಜಾತಿ, ಸಾಲ, ಮನೆಯ ಜಗಳ, ಗುರುತಿಸದೇ ಉಳಿದ ಖಿನ್ನತೆ. ರಿಸಲ್ಟ್ ವಾರ ಮುಗಿದ ಕೂಡಲೇ ಸಂಘ ಮಲಗಬಾರದು.

ಆಶಾ ಅಕ್ಕ

ಎಲ್ಲರೂ ಹುಡುಗ ಹುಡುಗ ಎನ್ನುತ್ತಿದ್ದೀರಿ. ನಮ್ಮೂರ ಹೆಣ್ಣುಮಕ್ಕಳ ಕಥೆ ಹೇಳಲಾ?

ನಾನು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗುವವಳು. ಹದಿನೆಂಟು ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆಯರು ಬೇಜಾರು ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ತಲೆನೋವು ಅಕ್ಕಾ ಎನ್ನುತ್ತಾರೆ. ಸುಸ್ತು, ಹೊಟ್ಟೆಯಲ್ಲಿ ಸಂಕಟ, ಎದೆ ಭಾರ ಎನ್ನುತ್ತಾರೆ. ಮಾತ್ರೆ ಕೊಟ್ಟರೆ ಹೋಗಲ್ಲ. ಅತ್ತೆ ಪಕ್ಕದಲ್ಲೇ ಕೂತಿರುತ್ತಾಳೆ, ಇನ್ನೇನು ಹೇಳಿಯಾಳು ಪಾಪ. ನಾನು "ಬಾ, ಮಗುವಿನ ತೂಕ ನೋಡೋಣ" ಎಂದು ಅಂಗನವಾಡಿಗೆ ಕರೆಯುತ್ತೇನೆ. ದಾರಿಯಲ್ಲಿ ಮಾತು ಹೊರಗೆ ಬರುತ್ತದೆ.

ಕಾಲೇಜಿನ ಹುಡುಗಿಯರಿಗೆ ಫೋನಿನ ಭಯ ಬೇರೆ. ಯಾರೋ ಫೋಟೋ ಇಟ್ಟುಕೊಂಡು ಹೆದರಿಸುತ್ತಿರುತ್ತಾರೆ. ಮನೆಯಲ್ಲಿ ಹೇಳಿದರೆ ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎಂದು ಬಾಯಿ ಬಿಡಲ್ಲ. ಅಂಥವಳ ಮನೆಗೆ ಯುವಕ ಸಂಘದವರು ಹೋದರೆ ಅವಳ ಕಷ್ಟ ಇನ್ನೂ ಜಾಸ್ತಿಯಾಗುತ್ತದೆ, ಕಡಿಮೆ ಆಗಲ್ಲ. ಅದಕ್ಕೆ ನಿಮ್ಮ ಜೊತೆಗೆ ಸ್ತ್ರೀಶಕ್ತಿ ಸಂಘದ ಒಬ್ಬಿಬ್ಬರು, ಊರಿನ ಆಶಾ, ಒಬ್ಬ ಟೀಚರ್ ಇರಲಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಅಲ್ಲಿ ಸಮಾಲೋಚಕರು ಇರುತ್ತಾರೆ. ಹದಿನೆಂಟರ ಒಳಗಿನವರು ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಇನ್ನೊಂದು. ಹುಡುಗಿಗೆ 14416 ಕೊಟ್ಟರೆ ಸಾಲದು, ಮಾತಾಡಲು ಜಾಗ ಕೊಡಿ. ನಮ್ಮ ಮನೆಯ ಹಿತ್ತಿಲಲ್ಲಿ ನನ್ನ ಫೋನಿನಿಂದಲೇ ಮಾತಾಡಿಸಿದ್ದಿದೆ. ಅವಳ ಫೋನನ್ನು ಅಣ್ಣ ದಿನಾ ತೆಗೆದು ನೋಡುತ್ತಾನೆ.

ವರದಾ ದಂಡೆ

ಆಶಾ ಅಕ್ಕಾ, ಇದು ನಮ್ಮ ತಲೆಗೇ ಬಂದಿರಲಿಲ್ಲ. ನಮ್ಮೂರ ಆಶಾ ಕಾರ್ಯಕರ್ತೆಯನ್ನು ಇವತ್ತೇ ಮಾತಾಡಿಸುತ್ತೇನೆ.

ಇನ್ನೊಂದು ಅನುಮಾನ. ಯಾರಾದರೂ ಪ್ರಯತ್ನ ಮಾಡಿ ಬದುಕಿದರೆ ಪೊಲೀಸ್ ಕೇಸಾಗುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಹೆದರಿಕೆ. ಹಿಂದೊಮ್ಮೆ ಇದೇ ಹೆದರಿಕೆಯಿಂದ ಒಂದು ಮನೆಯವರು ಆಸ್ಪತ್ರೆಗೆ ಹೋಗಲು ತಡ ಮಾಡಿದ್ದರು. ಇದು ನಿಜವೇ?

ತಾಲೂಕು ಕೋರ್ಟ್ ವಕೀಲ

ಆ ಹೆದರಿಕೆಗೆ ಈಗ ಆಧಾರ ಇಲ್ಲ. ಮಾನಸಿಕ ಆರೋಗ್ಯ ಕಾಯ್ದೆ, 2017ರ 115ನೇ ಕಲಂ ಓದಿ. ಪ್ರಯತ್ನ ಮಾಡಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಕಾನೂನು ಭಾವಿಸುತ್ತದೆ. ಹಾಗಲ್ಲ ಎಂದು ಸಾಬೀತಾಗದ ಹೊರತು ಅವನನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ. ಈ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಇಂಥ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ಹಾಕಲು ಹಾಗೆ ಮಾಡುವುದು ಮಾತ್ರ ಬೇರೆ ಕಲಮಿನಲ್ಲಿ ಉಳಿದಿದೆ.

ಆಸ್ಪತ್ರೆಯವರು ಎಂಎಲ್‌ಸಿ ಎಂಬ ವೈದ್ಯಕೀಯ ಕಾನೂನು ದಾಖಲೆ ಬರೆದು ಠಾಣೆಗೆ ತಿಳಿಸಬಹುದು, ಪೊಲೀಸರು ಬಂದು ಹೇಳಿಕೆ ಕೇಳಬಹುದು. ಅದನ್ನು ನೋಡಿ ಜನ ಕೇಸಾಯಿತು ಎಂದುಕೊಳ್ಳುತ್ತಾರೆ. ತಿಳಿಸುವುದು ಬೇರೆ, ಶಿಕ್ಷೆ ಬೇರೆ. ಯಾವ ಕಾರಣಕ್ಕೂ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬೇಡಿ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಹತ್ತಿ ಹೊಲ

ರೈತರ ಮನೆಗಳ ಬಗ್ಗೆ ಒಂದು ಮಾತು. ಬೆಳೆಗೆ ಹೊಡೆಯುವ ಔಷಧಿ ನಮ್ಮ ಮನೆಗಳಲ್ಲಿ ಎಲ್ಲೆಂದರಲ್ಲಿ ಇರುತ್ತದೆ. ಅದಕ್ಕೊಂದು ಬೀಗದ ಪೆಟ್ಟಿಗೆ ಬೇಕು, ಕೀಲಿ ಜವಾಬ್ದಾರಿ ಇರುವ ಒಬ್ಬರ ಹತ್ತಿರ ಇರಬೇಕು. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಊರಿಗೆಲ್ಲ ಒಂದೇ ಕಡೆ ಲಾಕರ್ ಕಟ್ಟಿ, ಪ್ರತಿ ಮನೆಗೂ ಒಂದೊಂದು ಖಾನೆ ಕೊಟ್ಟು ಪ್ರಯೋಗ ಮಾಡಿದ್ದಾರೆ. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು, ಅಲ್ಲಿ ಇಂಥ ಸಾವುಗಳು ಬಹಳ ಕಡಿಮೆಯಾದವು.

ಜಿಲ್ಲಾಸ್ಪತ್ರೆ ಸಮಾಲೋಚಕಿ

ಇದು ತುಂಬ ಮುಖ್ಯ. ಸಾಯಲೇಬೇಕು ಎನ್ನುವ ಆವೇಗ ಎಷ್ಟೋ ಸಲ ಕೆಲವೇ ಗಳಿಗೆಗಳದ್ದು. ಆ ಗಳಿಗೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ, ಪಕ್ಕದಲ್ಲಿ ಒಬ್ಬರು ಇದ್ದರೆ, ಅದು ದಾಟಿಹೋಗುತ್ತದೆ. ದಾಟಿ ಬಂದವರಲ್ಲಿ ಬಹುಪಾಲು ಜನ ಆಮೇಲೆ ಬದುಕನ್ನೇ ಆರಿಸಿಕೊಳ್ಳುತ್ತಾರೆ.

ಸಪ್ತಾಪುರ ರೂಮು

ಸುಮ್ನೆ ಓದುತ್ತಾ ಇದ್ದೆ. ಬರೆಯಬೇಕೋ ಬೇಡವೋ ಗೊತ್ತಾಗಲಿಲ್ಲ.

ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ಪಿಎಸ್‌ಐ, ಎಫ್‌ಡಿಎ, ಎಲ್ಲಾ ಬರೆದೆ. ಒಂದು ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಒಂದು ಎರಡು ಮಾರ್ಕಿನಲ್ಲಿ ಹೋಗುತ್ತದೆ. ಅಪ್ಪ ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ. ಎಲ್ಲಿಂದ ತರುತ್ತಾನೆ ಎಂದು ನನಗೆ ಗೊತ್ತು. ಊರಿಗೆ ಹೋದರೆ ಬಸ್ಸಿನಿಂದ ಇಳಿಯುವ ಮೊದಲೇ "ಎಲ್ಲಿಗೆ ಬಂತಪ್ಪಾ ನೌಕರಿ?" ಎಂದು ಕೇಳುತ್ತಾರೆ. ಅದಕ್ಕೆ ದೀಪಾವಳಿಗೂ ಹೋಗಲಿಲ್ಲ. ನಿಮ್ಮ ಊರಿನ ಹುಡುಗರು ಪುಣ್ಯವಂತರು. ನನಗಂತೂ ಸಾಕಾಗಿದೆ.

ಜಿಲ್ಲಾಸ್ಪತ್ರೆ ಸಮಾಲೋಚಕಿ

ತಮ್ಮಾ, ಬರೆದದ್ದು ತುಂಬ ಒಳ್ಳೆಯದಾಯಿತು. ಸಾಕಾಗಿದೆ ಎಂದಿದ್ದೀಯ. ನೇರವಾಗಿ ಕೇಳುತ್ತೇನೆ. ಸಾಯಬೇಕು ಎನ್ನುವ ಯೋಚನೆ ಬರುತ್ತಿದೆಯಾ?

ಸಪ್ತಾಪುರ ರೂಮು

ಬರುತ್ತೆ ಮೇಡಂ. ರಾತ್ರಿ ಹೊತ್ತು ಜಾಸ್ತಿ. ಇವತ್ತು ಏನೋ ಮಾಡಿಕೊಳ್ಳುತ್ತೇನೆ ಎಂದಲ್ಲ.

ಜಿಲ್ಲಾಸ್ಪತ್ರೆ ಸಮಾಲೋಚಕಿ

ಹೇಳಿದ್ದಕ್ಕೆ ಧನ್ಯವಾದ ತಮ್ಮಾ. ಇಷ್ಟು ದಿನ ಒಬ್ಬನೇ ಹೊತ್ತಿದ್ದೀಯ. ಈಗ ರೂಮಿನಲ್ಲಿ ಜೊತೆಗೆ ಯಾರಿದ್ದಾರೆ? ಅವರಿಗೆ ಗೊತ್ತಿದೆಯಾ? ಇದನ್ನು ಓದಿದ ಕೂಡಲೇ 14416ಕ್ಕೆ ಕರೆ ಮಾಡು. ಏನು ಹೇಳಬೇಕು ಎಂದು ತೋಚದಿದ್ದರೆ ಇಲ್ಲಿ ಬರೆದದ್ದನ್ನೇ ಓದಿ ಹೇಳು. ನಾನು ಇಲ್ಲೇ ಇರುತ್ತೇನೆ, ಮಾತಾಡಿ ಆದ ಮೇಲೆ ಒಂದು ಸಾಲು ಬರೆ.

ಮಳೆಗಾಲ

ತಮ್ಮಾ, ನಾನು ಹುಬ್ಬಳ್ಳಿಯಲ್ಲೇ ಇದ್ದೇನೆ. ನಿನ್ನ ರೂಮಿಗೆ ಒಂದು ಗಂಟೆಯೂ ಆಗಲ್ಲ. ಖಾಸಗಿಯಾಗಿ ನನ್ನ ನಂಬರ್ ಕಳಿಸಿದ್ದೇನೆ. ಎಷ್ಟು ಹೊತ್ತಾದರೂ ಮಾಡು. ಬೆಳಿಗ್ಗೆ ಡಿಮ್ಹಾನ್ಸಿಗೆ ಹೋಗೋಣ, ನಾನು ಬರುತ್ತೇನೆ. ಅದು ಧಾರವಾಡದಲ್ಲೇ ಇರುವ ಮಾನಸಿಕ ಆರೋಗ್ಯದ ಆಸ್ಪತ್ರೆ, ನೀನು ದೂರ ಎಲ್ಲೂ ಹೋಗಬೇಕಾಗಿಲ್ಲ.

ಸಪ್ತಾಪುರ ರೂಮು

ಕರೆ ಮಾಡಿದೆ. ಒಬ್ಬ ಅಕ್ಕ ಮಾತಾಡಿದರು. ತುಂಬಾ ಹೊತ್ತು ಕೇಳಿಸಿಕೊಂಡರು. ರೂಮ್‌ಮೇಟ್‌ಗೂ ಹೇಳಿದೆ. ಅವನು ಓದು ಬಿಟ್ಟು ಪಕ್ಕದಲ್ಲೇ ಕೂತಿದ್ದಾನೆ. ಅಣ್ಣಾ, ಬೆಳಿಗ್ಗೆ ಬನ್ನಿ.

ಪಿಯು ಮೇಷ್ಟ್ರು

ಮಗಾ, ನಾವೆಲ್ಲ ಇದ್ದೇವೆ.

ಊರಿನವರಿಗೆ ಒಂದು ಮಾತು ಹೇಳಲೇಬೇಕು. ಓದುವ ಹುಡುಗರು ಊರಿಗೆ ಬಂದಾಗ ನೌಕರಿಯ ವಿಚಾರ ಎತ್ತಬೇಡಿ. ಊಟ ಆಯ್ತಾ ಎಂದು ಕೇಳಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು ಇರಬೇಕು ಎಂದು ಹೇಳಿದೆ. ಕೋಚಿಂಗ್ ಕೇಂದ್ರಗಳಿಗೂ ಅದು ಅನ್ವಯಿಸುತ್ತದೆ. ಸೇರುವ ಮೊದಲು ಫೀಸಿನ ಜೊತೆಗೆ ಇದನ್ನೂ ಕೇಳಿ.

ತಂಗಿಯ ಅಣ್ಣ

ತಡವಾಗಿ ಈ ಚರ್ಚೆ ನೋಡಿದೆ. ನಾನು ತಂಗಿಯನ್ನು ಕಳೆದುಕೊಂಡವನು. ಮೊದಲು ವರದಾ ದಂಡೆಯವರಿಗೆ ಧನ್ಯವಾದ, ಆ ಹುಡುಗನ ಹೆಸರನ್ನು ಇಲ್ಲಿ ಹಾಕಲಿಲ್ಲ.

ನನ್ನ ತಂಗಿಯ ಫೋಟೋವನ್ನು ಊರಿನವರು ಸ್ಟೇಟಸ್ಸಿಗೆ ಹಾಕಿದರು. ಕೆಳಗೆ ಏನೇನೋ ಬರೆದರು. ಕಾರಣ ಇದೇ ಎಂದು ಅವರೇ ತೀರ್ಮಾನ ಮಾಡಿದರು. ಅಮ್ಮ ಅದನ್ನು ನೋಡಿದಳು. ಪತ್ರಿಕೆಗಳು ಹೇಗೆ ಬರೆಯಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ನಿಯಮ ಮಾಡಿದೆ. ವಿಧಾನ ಬರೆಯಬಾರದು, ಜಾಗ ಹೇಳಬಾರದು, ವೈಭವೀಕರಿಸಬಾರದು. ಅಂಥದ್ದನ್ನು ನೋಡಿ ಸಂಕಟದಲ್ಲಿರುವ ಇನ್ನೊಬ್ಬರು ಅದೇ ದಾರಿ ಹಿಡಿಯುವ ಅಪಾಯ ಇದೆ. ವಾಟ್ಸಾಪ್ ಗ್ರೂಪಿಗೂ ಅದೇ ನಿಯಮ ಇರಲಿ. ನಿಮ್ಮ ಸಂಘ ಬೇರೇನೂ ಮಾಡದೆ ಇಷ್ಟು ಮಾಡಿದರೂ ದೊಡ್ಡದು.

ದಿನಕರ್ಮ ಮುಗಿಯುವವರೆಗೆ ಮನೆ ತುಂಬ ಜನ. ಆಮೇಲೆ ಒಬ್ಬರೂ ಇಲ್ಲ. ಎದುರು ಸಿಕ್ಕರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದರು. ಏನು ಮಾತಾಡುವುದು ಎಂದು ಗೊತ್ತಾಗದೆ ಹೀಗೆ ಮಾಡುತ್ತಾರೆ, ನನಗೆ ಅದು ಅರ್ಥ ಆಗುತ್ತದೆ. ಒಬ್ಬ ಗೆಳೆಯ ಮಾತ್ರ ವಾರಕ್ಕೊಮ್ಮೆ ಬಂದು ಅವಳ ಹೆಸರು ಹಿಡಿದೇ ಮಾತಾಡುತ್ತಿದ್ದ. ಅವಳು ಹಾಡುತ್ತಿದ್ದದ್ದು, ಜಗಳ ಆಡುತ್ತಿದ್ದದ್ದು, ಎಲ್ಲಾ. ಅಮ್ಮ ಅವನು ಬರುವುದನ್ನೇ ಕಾಯುತ್ತಿದ್ದಳು.

ನಿಮ್ಮ ಓಣಿಯ ಆ ಮನೆಗೆ ಹೋಗುತ್ತೀರಾ? ಆ ಹುಡುಗನ ಆಪ್ತ ಗೆಳೆಯರನ್ನೂ ನೋಡಿಕೊಳ್ಳಿ. ಅವರೂ ಒಳಗೇ ಬೇಯುತ್ತಿರುತ್ತಾರೆ.

ವರದಾ ದಂಡೆ

ಅಣ್ಣಾ, ವರ್ಷದಿಂದ ಹೋಗಿಲ್ಲ ನಾವು ಯಾರೂ. ಹೋಗುತ್ತೇವೆ.

ಯುವ ಪರಿವರ್ತಕ

ಇಷ್ಟೆಲ್ಲ ಓದಿದ ಮೇಲೆ ತರಬೇತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯೂ ನಿಮ್ಹಾನ್ಸೂ ಸೇರಿ ನಡೆಸುವ ಯುವ ಸ್ಪಂದನ ಕಾರ್ಯಕ್ರಮದ ಹೆಸರು ಕೇಳಿದ್ದೀರಾ? ಜಿಲ್ಲೆಗೊಂದು ಯುವ ಸ್ಪಂದನ ಕೇಂದ್ರ ಇದೆ. ನಮ್ಮಂಥ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಯುವ ಪರಿವರ್ತಕರು ಎಂದು ಮಾಡಿರುತ್ತಾರೆ. ಓದು, ಸಂಬಂಧ, ಕೆಲಸ, ಮನಸ್ಸಿನ ಕಷ್ಟ ಯಾವುದಕ್ಕೆ ಬೇಕಾದರೂ ಹೋಗಿ ಮಾತಾಡಬಹುದು. ನಿಮ್ಮ ಸಂಘಕ್ಕೆ ಬಂದು ಮಾತಾಡಿ ಎಂದು ಕೇಳಿದರೂ ಬರುತ್ತಾರೆ. ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಜಿಲ್ಲಾಸ್ಪತ್ರೆ ಸಮಾಲೋಚಕಿ

ಇದರ ಜೊತೆಗೆ ಮನೋಚೈತನ್ಯ ಕಾರ್ಯಕ್ರಮವೂ ಇದೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ.

ಹಳ್ಳಿಯಲ್ಲಿ ಇದೆಲ್ಲ ಆಗುತ್ತಾ ಎಂದು ಕೇಳುವವರಿಗೆ ಒಂದು ವಿಷಯ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು ಎಂದು ನಿಮ್ಹಾನ್ಸ್‌ನವರು ತೋರಿಸಿಕೊಟ್ಟದ್ದು 1980ರ ದಶಕದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಆ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಸಪ್ತಾಪುರ ರೂಮು

ಮಳೆಗಾಲ ಅಣ್ಣ ಬಂದಿದ್ದರು. ರೂಮ್‌ಮೇಟ್ ಕೂಡ ಬಂದ. ಡಾಕ್ಟರು ನಿದ್ದೆ, ಊಟ, ಯೋಚನೆ ಎಲ್ಲಾ ಕೇಳಿದರು. ಔಷಧಿ ಕೊಟ್ಟಿದ್ದಾರೆ, ಎರಡು ವಾರಕ್ಕೆ ಬರಲು ಹೇಳಿದ್ದಾರೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ನೌಕರಿ ಹಾಳಾಗಿ ಹೋಗ್ಲಿ, ನೀ ಮನೀಗೆ ಬಾ" ಎಂದ. ಎಲ್ಲರಿಗೂ ಧನ್ಯವಾದ.

ಹೊಸಮನಿ ಕಾಕಾ

ಓದಿ ಕಣ್ಣು ತುಂಬಿತು. ಮೇಡಂ, ಕೇಳಬೇಕು ಎಂದದ್ದು ಯಾಕೆ ಎಂದು ಈಗ ತಿಳಿಯಿತು.

ವರದಾ ದಂಡೆ

ನಿನ್ನೆ ರಾತ್ರಿ ಸಂಘದವರೆಲ್ಲ ಕೂತು ಮಾತಾಡಿದೆವು. ಭಾಷಣಕಾರರು ಬೇಡ ಎಂದು ತೀರ್ಮಾನ ಆಯಿತು. ದುಡ್ಡು ತಾಲೂಕು ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ, ಮಾತ್ರೆ ಹೊರಗೆ ತರಬೇಕಾದರೆ ಅದಕ್ಕೆ. ಮೊಬೈಲ್ ಅಂಗಡಿಯವನು ಮಂಗಳವಾರ ತನ್ನ ಕಾರು ಕೊಡುತ್ತಾನೆ, ಡೀಸೆಲ್ ಸಂಘದ್ದು. ನಮ್ಮೂರ ಆಶಾ ಕಾರ್ಯಕರ್ತೆ, ಹೈಸ್ಕೂಲಿನ ಟೀಚರ್ ಒಬ್ಬರು, ಸ್ತ್ರೀಶಕ್ತಿಯ ಇಬ್ಬರು ಜೊತೆಗಿರುತ್ತಾರೆ. ಹೆಣ್ಣುಮಕ್ಕಳ ವಿಷಯ ಪೂರ್ತಿ ಅವರದ್ದೇ. ನಾವು ಗಾಡಿ ಓಡಿಸುತ್ತೇವೆ ಅಷ್ಟೇ. ಯಾರು ಹೋದರು, ಯಾಕೆ ಹೋದರು ಎಂಬುದನ್ನು ಸಂಘದ ಪುಸ್ತಕದಲ್ಲಿ ಬರೆಯುವುದಿಲ್ಲ, ಖರ್ಚು ಮಾತ್ರ ಬರೆಯುತ್ತೇವೆ. ಯುವ ಸ್ಪಂದನ ಕೇಂದ್ರಕ್ಕೆ ಸೋಮವಾರ ಇಬ್ಬರು ಹೋಗುತ್ತಾರೆ.

ಮೇಡಂ, ಒಂದೇ ಪ್ರಶ್ನೆ ಉಳಿದಿದೆ. ಕರೆದರೂ ಬರಲ್ಲ ಎಂದು ಹಟ ಹಿಡಿದರೆ?

ಜಿಲ್ಲಾಸ್ಪತ್ರೆ ಸಮಾಲೋಚಕಿ

ತಕ್ಷಣದ ಅಪಾಯ ಇದ್ದರೆ ಮನೆಯವರಿಗೆ ತಿಳಿಸಿ, ಒಬ್ಬನೇ ಬಿಡದೆ, 112ಕ್ಕೆ ಮಾಡಿ. ಅಂಥ ಅಪಾಯ ಇಲ್ಲದಿದ್ದರೆ ಎಳೆದಾಡಬೇಡಿ. "ಆಯ್ತು, ಇವತ್ತು ಬೇಡ. ನಾಳೆ ಸಂಜೆ ಮತ್ತೆ ಬರ್ತೀನಿ" ಎಂದು ಹೇಳಿ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಆಸ್ಪತ್ರೆಯ ಮಾತೇ ಎತ್ತದೆ ಕೂತು ಚಹಾ ಕುಡಿದು ಬನ್ನಿ. ಅದರ ಮರುದಿನ ಮತ್ತೆ ಹೋಗಿ. ಅಷ್ಟರಲ್ಲಿ 14416ಕ್ಕೆ ನೀವೇ ಕರೆ ಮಾಡಿ ಅವನ ಸ್ಥಿತಿ ಹೇಳಿ, ಮುಂದೇನು ಎಂದು ಕೇಳಿ. ತುಂಬ ಜನ ಮೂರನೆಯ ನಾಲ್ಕನೆಯ ಭೇಟಿಯಲ್ಲಿ ಒಪ್ಪುತ್ತಾರೆ. ನೀವೂ ಇದನ್ನೆಲ್ಲ ಕೇಳಿ ಕೇಳಿ ದಣಿಯುತ್ತೀರಿ, ಒಬ್ಬರ ಮೇಲೇ ಹೊರೆ ಹಾಕದೆ ಇಬ್ಬಿಬ್ಬರಾಗಿ ಹೋಗಿ.